ಎಡ್ವಿನ್ ಹಾಲ್ ಅವರ ಶಂಕೆ

ಪೂರ್ವಪಕ್ಷವಿಲ್ಲದೆ ಸಿದ್ಧಾಂತವಿಲ್ಲವೆಂಬುದು ನಮ್ಮ ಶಾಸ್ತ್ರಪಾಠದ ಮೊದಲ ಸಂಸ್ಕಾರ. ಗ್ರಂಥವಾಕ್ಯವನ್ನು ಶಂಕಿಸಿ, ಆ ಶಂಕೆಯನ್ನು ಕೈಯಾರೆ ಪರೀಕ್ಷಿಸಿದ ಎಡ್ವಿನ್ ಹರ್ಬರ್ಟ್ ಹಾಲ್ ಅವರ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿಗಳು ಅರಿತಿರತಕ್ಕದ್ದು.

ಅಮೇರಿಕೆಯ ಮೇನ್ ಸಂಸ್ಥಾನದಲ್ಲಿ 1855ರ ನವೆಂಬರ್ 7ರಂದು ಜನಿಸಿದ ಹಾಲ್ ಅವರು 1875ರಲ್ಲಿ ಪದವೀಧರರಾಗಿ, ಎರಡು ವರ್ಷ ಶಾಲಾ ಮುಖ್ಯೋಪಾಧ್ಯಾಯರಾಗಿದ್ದರು. ಬಳಿಕ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ರೋಲ್ಯಾಂಡರ ಶಿಷ್ಯತ್ವವನ್ನು ವಹಿಸಿದರು.

ಅಯಸ್ಕಾಂತದ ಬಲವು ತಂತಿಯನ್ನು ತಳ್ಳುವುದೇ ಹೊರತು ಅದರೊಳಗಿನ ವಿದ್ಯುತ್ಪ್ರವಾಹವನ್ನಲ್ಲವೆಂದು ಮ್ಯಾಕ್ಸ್‌ವೆಲ್ಲರ ಮಹಾಗ್ರಂಥವು ಹೇಳಿತ್ತು. ಹಾಲ್ ಅವರಿಗೆ ಇದು ಒಪ್ಪಿತವಾಗಲಿಲ್ಲ. ಗುರುಗಳಲ್ಲಿ ನಿವೇದಿಸಲು, ಅವರಿಗೂ ಅದೇ ಸಂದೇಹವಿದ್ದು, ಮಾಡಿದ ಪ್ರಯತ್ನ ಫಲಿಸಿರಲಿಲ್ಲವೆಂದು ತಿಳಿಯಿತು. ಶಿಷ್ಯನ ಮೊದಲ ಪ್ರಯೋಗವೂ ನಿಷ್ಫಲವೇ ಆಯಿತು. ಕಡೆಗೆ ಗಾಜಿನ ಮೇಲೆ ಅತಿ ತೆಳುವಾದ ಚಿನ್ನದ ತಗಡನ್ನು ಅಂಟಿಸಿ, ಅಯಸ್ಕಾಂತದ ಧ್ರುವಗಳ ನಡುವೆ ಇಟ್ಟು, ಪ್ರವಾಹವನ್ನು ಹರಿಸಿದರು. ಗ್ಯಾಲ್ವನೋಮೀಟರಿನ ತಂತಿಗಳನ್ನು ತಗಡಿನ ಎರಡು ಅಂಚುಗಳಲ್ಲಿ ಸಮವಿಭವದ ಬಿಂದುಗಳನ್ನು ಹುಡುಕಿ ಹುಡುಕಿ ಜೋಡಿಸಿದರು. ಈ ತಾಳ್ಮೆಯೇ ಮುಖ್ಯವಾದದ್ದು. 1879ರ ಅಕ್ಟೋಬರ್ ಕೊನೆಯ ವಾರದಲ್ಲಿ, ಅಯಸ್ಕಾಂತವು ಚೇತನಗೊಂಡೊಡನೆ ಪ್ರವಾಹಕ್ಕೆ ಅಡ್ಡಲಾಗಿ ವಿಭವಾಂತರವು ತೋರಿ ನಿಂತಿತು. ಮ್ಯಾಕ್ಸ್‌ವೆಲ್ಲರು ನವೆಂಬರ್ 5ರಂದೇ ದಿವಂಗತರಾದರು. ಎಲೆಕ್ಟ್ರಾನಿನ ಪರಿಚಯವು ಲೋಕಕ್ಕಾಗಲು ಇನ್ನೂ ಹದಿನೆಂಟು ವರ್ಷಗಳಿದ್ದವು.

ಇಂದು ನಮ್ಮ ಹುಣಸಗಿಯ ಬೀದಿಯಲ್ಲಿ ಸದ್ದಿಲ್ಲದೆ ಸಾಗುವ ವಿದ್ಯುತ್ ಸ್ಕೂಟರಿಗೂ ಈ ಪರಿಣಾಮವು ಉಪಕರಿಸುತ್ತದೆ. ಮೋಟಾರಿನ ಅಕ್ಷದಂಡದ ತುದಿಯಲ್ಲಿ ಚಿಕ್ಕ ಅಯಸ್ಕಾಂತವನ್ನು ಕೂರಿಸಿ, ಎದುರಿಗೆ ಸಮಕೋನದಲ್ಲಿ ಹಾಲ್ ಫಲಕಗಳನ್ನಿಟ್ಟರೆ, ಒಂದರಿಂದ ಭುಜಜ್ಯಾ, ಇನ್ನೊಂದರಿಂದ ಕೋಟಿಜ್ಯಾ ದೊರೆತು ತಿರುಗಿದ ಕೋನವು ಗೊತ್ತಾಗುತ್ತದೆ. (ಜ್ಯೋತಿಷ ಗಣಿತವನ್ನೋದಿದವರಿಗೆ ಇದು ಹಳೆಯ ನಂಟು.) ಯಾವ ಸುರುಳಿಗೆ ಯಾವ ಕ್ಷಣದಲ್ಲಿ ಪ್ರವಾಹವನ್ನು ಕೊಡಬೇಕೆಂಬುದು ಈ ಕೋನದಿಂದಲೇ ನಿರ್ಣೀತವಾಗುವುದರಿಂದ, ಕೋನ ತಪ್ಪಿದರೆ ಬಲ ಕುಗ್ಗುತ್ತದೆ, ಚಲನೆ ತಡವರಿಸುತ್ತದೆ. ಫಲಕದ ಶೂನ್ಯವು ಸರಿದಿದ್ದರೆ ಸುತ್ತಿಗೊಮ್ಮೆ ದೋಷವು ಮರುಕಳಿಸುತ್ತದೆ. ಎರಡು ಸಂಕೇತಗಳ ಪ್ರಮಾಣ ಅಸಮವಾಗಿದ್ದರೆ ಎರಡಾವರ್ತಿ. ಸುತ್ತಿಸಿ ಅಳೆದು ಈ ದೋಷಗಳನ್ನು ಲೆಕ್ಕದಿಂದ ಕಳೆಯುತ್ತಾರೆ. ಶೂನ್ಯದ ದೋಷಕ್ಕೆ, ಫಲಕದಲ್ಲಿ ಪ್ರವಾಹದ ದಿಕ್ಕನ್ನೇ ಸರದಿಯಾಗಿ ಬದಲಿಸಿ ಸರಾಸರಿ ತೆಗೆಯುವ ಉಪಾಯವೂ ಉಂಟು. ಹಾಲ್ ಅವರು ಚಿನ್ನದ ತಗಡಿನ ಅಂಚಿನಲ್ಲಿ ಬಿಂದುಗಳನ್ನು ಹುಡುಕುತ್ತ ಸೆಣಸಿದ್ದು ಇದೇ ದೋಷದೊಡನೆ.

ಹಾರ್ವರ್ಡಿನಲ್ಲಿ ಪ್ರಾಧ್ಯಾಪಕರಾದ ಮೇಲೆಯೂ ಅವರು ಶಾಲೆಯನ್ನು ಮರೆಯಲಿಲ್ಲ. ಪ್ರೌಢಶಾಲೆಯ ಮಕ್ಕಳು ತಾವೇ ಮಾಡತಕ್ಕ ನಲವತ್ತು ಭೌತಪ್ರಯೋಗಗಳ ಪಟ್ಟಿಯನ್ನು ಸಿದ್ಧಪಡಿಸಿದರು. 1921ರಲ್ಲಿ ನಿವೃತ್ತರಾಗಿ, 1938ರ ನವೆಂಬರ್ 20ರಂದು ದೇಹವನ್ನು ಬಿಟ್ಟರು.