ರಹೀಂ ಮಾಸ್ತರರು: ಕಾಲ್ಚೆಂಡಾಟದ ಒಬ್ಬ ಉಪಾಧ್ಯಾಯರ ಜೀವನ

ಚೆಂಡು ಬಲೆಯೊಳಗೆ ಬಿದ್ದೊಡನೆ ಅದನ್ನು ಒದ್ದವನ ಹೆಸರು ಊರಿಗೆಲ್ಲ ತಿಳಿಯುತ್ತದೆ. ಒದೆಯುವುದನ್ನು ಕಲಿಸಿದವರು ಯಾರೆಂದು ಕೇಳುವವರು ವಿರಳ. ಗಣಿತವನ್ನೋ ವ್ಯಾಕರಣವನ್ನೋ ಬೋಧಿಸುವ ಗುರುಗಳಿಗೆ ಸಲ್ಲುವ ಮನ್ನಣೆ ನಮ್ಮ ಶಾಲೆಗಳಲ್ಲಿ ಡ್ರಿಲ್ ಮಾಸ್ತರರಿಗೆ ಸಂದದ್ದು ಬಹಳ ಕಡಿಮೆ. ಆಟದ ಪಿರಿಯಡ್ಡು ಎಂದರೆ ಪಾಠವಿಲ್ಲದ ಹೊತ್ತು ಎಂಬ ತಿಳಿವಳಿಕೆ ಹಿರಿಯರಲ್ಲಿಯೂ ಉಂಟು. ಈ ತಿಳಿವಳಿಕೆ ಎಷ್ಟು ಪೊಳ್ಳೆಂಬುದನ್ನು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟ ಒಬ್ಬ ಉಪಾಧ್ಯಾಯರ ಕಥೆಯನ್ನು ನಮ್ಮ ವಿದ್ಯಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ. ಅವರೇ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ.

ರಹೀಂ ಅವರು ಜನಿಸಿದ್ದು 1909ರ ಆಗಸ್ಟ್ 17ರಂದು. ಆಗಿನ ಹೈದರಾಬಾದ್ ಸಂಸ್ಥಾನವು ಬೀದರ, ಕಲಬುರಗಿ, ರಾಯಚೂರುಗಳನ್ನೂ ಒಳಗೊಂಡಿತ್ತೆಂಬುದನ್ನು ನೆನೆದರೆ, ಅವರು ನಮ್ಮ ಕನ್ನಡ ನಾಡಿನ ಒಂದು ಭಾಗದೊಡನೆ ಒಂದೇ ಆಳ್ವಿಕೆಯಲ್ಲಿ ಬೆಳೆದವರೆನ್ನಬಹುದು. ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ಅಲ್ಲಿನ ಕಾಲ್ಚೆಂಡು ತಂಡದಲ್ಲಿ ಆಡಿದರು. ಪದವಿ ಪಡೆದ ಮೇಲೆ ಅವರು ಆರಿಸಿಕೊಂಡದ್ದು ಉಪಾಧ್ಯಾಯ ವೃತ್ತಿಯನ್ನು. ಕಾಚಿಗುಡ ಮಿಡ್ಲ್ ಸ್ಕೂಲು, ಉರ್ದು ಷರೀಫ್ ಶಾಲೆ, ದಾರುಲ್ ಉಲೂಂ ಪ್ರೌಢಶಾಲೆ, ಚಾದರ್‌ಘಾಟ್ ಪ್ರೌಢಶಾಲೆ ಇವುಗಳಲ್ಲಿ ಅವರು ಕೆಲಸ ಮಾಡಿದರು. ನಡುವೆ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು, ಕೊನೆಯ ಎರಡು ಶಾಲೆಗಳಲ್ಲಿ ಆಟಪಾಠಗಳ ಹೊಣೆಯನ್ನೂ ವಹಿಸಿಕೊಂಡರು. ಮುಂದೆ ದೇಶದ ತಂಡವನ್ನು ಒಲಿಂಪಿಕ್ಸಿಗೆ ಕರೆದೊಯ್ದಾಗಲೂ ಅವರೊಳಗಿನ ಮಾಸ್ತರರು ಅಳಿಯಲಿಲ್ಲ. ಅವರ ಸಾಧನೆಯ ಗುಟ್ಟೆಲ್ಲ ಇಲ್ಲಿಯೇ ಇದೆಯೆಂದು ನನ್ನ ಎಣಿಕೆ.

ಆ ಕಾಲದಲ್ಲಿ ನಮ್ಮ ದೇಶದ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡುತ್ತಿದ್ದರು. ದಕ್ಷಿಣದಲ್ಲಿ ಹೆಸರಾಗಿದ್ದುದು ನಮ್ಮ ಬೆಂಗಳೂರೇ. ಬ್ರಿಟಿಷ್ ಸೈನ್ಯದ ತಂಡಗಳೇ ಗೆದ್ದುಕೊಂಡು ಹೋಗುತ್ತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಮೊಟ್ಟಮೊದಲು ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. ಇಂದು ನಮ್ಮ ಹೂಡಿಯ ಸುತ್ತ ಹೊಲಗಳಿದ್ದೆಡೆಯಲ್ಲಿ ಕಾರ್ಖಾನೆಗಳೂ ಗಣಕಯಂತ್ರದ ಕಚೇರಿಗಳೂ ಎದ್ದುನಿಂತಿವೆ. 2023ರಿಂದ ಮೆಟ್ರೋ ರೈಲೂ ಓಡುತ್ತಿದೆ. ಮಕ್ಕಳಿಗೆ ಆಡಲು ಬಯಲು ಮಾತ್ರ ಕಿರಿದಾಗುತ್ತ ಬಂದಿದೆ. ದಂಡು ಪ್ರದೇಶದ ಓಣಿಗಳಲ್ಲಿ ಬರಿಗಾಲಿನಲ್ಲಿ ಆಡಿ ಒಲಿಂಪಿಕ್ಸಿಗೆ ಹೋದವರು ಇದೇ ನಗರದವರೆಂದರೆ ನಮ್ಮ ಹುಡುಗರು ನಂಬುವುದು ಕಷ್ಟ.

ರಹೀಂ ಅವರು 1940ರ ದಶಕದ ಆರಂಭದಲ್ಲಿ ಹೈದರಾಬಾದ್ ಕಾಲ್ಚೆಂಡಾಟದ ಸಂಸ್ಥೆಯ ಕಾರ್ಯದರ್ಶಿಗಳಾದರು. ಕೊನೆಯುಸಿರಿನವರೆಗೂ ಆ ಸ್ಥಾನದಲ್ಲಿದ್ದರು. 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತಿಯ ಭಾರವೂ ಅವರ ಹೆಗಲಿಗೆ ಬಂದಿತು. ಫಲ ಕಾಣಲು ಬಹುಕಾಲ ಕಾಯಬೇಕಾಗಲಿಲ್ಲ. 1950ರಿಂದ 1954ರವರೆಗೆ ಸತತವಾಗಿ ಐದು ವರ್ಷ ಆ ತಂಡ ರೋವರ್ಸ್ ಕಪ್ಪನ್ನು ಗೆದ್ದಿತು. ದೆಹಲಿಯ ಡ್ಯುರಾಂಡ್ ಕಪ್ಪು 1950ರಲ್ಲಿ ಮೊದಲ ಬಾರಿಗೆ ಹೈದರಾಬಾದಿಗೆ ಬಂದಿತು, ಆಮೇಲೆಯೂ ಬಂದಿತು. ರಾಜ್ಯ ತಂಡಗಳ ಸಂತೋಷ್ ಟ್ರೋಫಿಯನ್ನು 1956ರಲ್ಲಿಯೂ 1957ರಲ್ಲಿಯೂ ಹೈದರಾಬಾದ್ ಪಡೆಯಿತು. ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳಿಗಿದ್ದ ಹಣವಾಗಲಿ ಪ್ರೇಕ್ಷಕ ಸಾಗರವಾಗಲಿ ಈ ಪೊಲೀಸರಿಗೆ ಇರಲಿಲ್ಲ.

ಹಾಗಾದರೆ ಅವರ ಬೋಧನೆ ಎಂತಹುದು? ನಮ್ಮ ಆಟಗಾರರಿಗೆ ಆಗ ಒಂದು ಚಪಲವಿತ್ತು. ಕಾಲಿಗೆ ಚೆಂಡು ಸಿಕ್ಕಿತೆಂದರೆ ಎದುರಾಳಿಗಳನ್ನು ಒಬ್ಬೊಬ್ಬರನ್ನಾಗಿ ವಂಚಿಸುತ್ತ, ನೋಡುವವರ ಚಪ್ಪಾಳೆ ಗಿಟ್ಟಿಸುತ್ತ ತಾನೇ ಗೋಲಿನವರೆಗೆ ಹೋಗಬೇಕೆಂಬ ಆಸೆ. ಡ್ರಿಬ್ಲಿಂಗ್ ಎನ್ನುವ ಈ ಕೌಶಲವನ್ನು ರಹೀಂ ಅವರು ಹಳಿಯಲಿಲ್ಲ; ಆದರೆ ಅದು ಹನ್ನೊಂದು ಜನರ ಆಟವನ್ನು ಒಬ್ಬನ ಆಟವಾಗಿಸುವುದನ್ನು ಕಂಡರು. ಇದನ್ನು ಬರಿಯ ಉಪದೇಶದಿಂದ ತಿದ್ದಲಾಗದೆಂದು ಬಲ್ಲ ಮಾಸ್ತರರು ಆಟದ ನಿಯಮವನ್ನೇ ಬದಲಿಸಿ ಪಂದ್ಯಾವಳಿಗಳನ್ನು ನಡೆಸಿದರು. ಒಂದರಲ್ಲಿ ಡ್ರಿಬ್ಲಿಂಗ್ ಮಾಡುವಂತೆಯೇ ಇಲ್ಲ: ಚೆಂಡು ಬಂದೊಡನೆ ಜೊತೆಗಾರನಿಗೆ ದಾಟಿಸಬೇಕು. ಇನ್ನೊಂದರಲ್ಲಿ ಬಲಹೀನವಾದ ಕಾಲಿನಿಂದಲೇ ಒದೆಯಬೇಕು. ಬಲಗಾಲಿನವನು ಎಡಗಾಲಿನಿಂದ, ಎಡಗಾಲಿನವನು ಬಲಗಾಲಿನಿಂದ. ಮತ್ತೊಂದು ಎತ್ತರ ಕಡಿಮೆಯಿರುವ ಹುಡುಗರಿಗಾಗಿಯೇ ಮೀಸಲು. ಮೈಕಟ್ಟಿನ ಜೋರಿನಿಂದ ಗೆಲ್ಲುವವರ ನಡುವೆ ಜಾಣ್ಮೆಯುಳ್ಳ ಸಣ್ಣವರು ಮರೆಯಾಗಬಾರದೆಂದು. ಕಾಗುಣಿತ ತಪ್ಪುವ ಹುಡುಗನಿಗೆ ಆ ಅಕ್ಷರವನ್ನೇ ನೂರು ಬಾರಿ ಬರೆಸುವ ಉಪಾಧ್ಯಾಯರ ಕ್ರಮವಲ್ಲವೇ ಇದು? ದುಬಾರಿ ಸಲಕರಣೆ ಏನೂ ಬೇಡ, ವಿಶಾಲವಾದ ಮೈದಾನವೂ ಬೇಡ. ನಮ್ಮ ಶಾಲೆಯ ಅಂಗಳದಲ್ಲಿಯೂ ಇದನ್ನು ಮಾಡಬಹುದು.

1951ರ ಮಾರ್ಚಿಯಲ್ಲಿ ದೆಹಲಿಯಲ್ಲಿ ಮೊದಲನೆಯ ಏಷ್ಯನ್ ಕ್ರೀಡಾಕೂಟ ಜರುಗಿತು. ರಹೀಂ ಅವರ ಮಾರ್ಗದರ್ಶನದಲ್ಲಿ, ಶೈಲೇನ್ ಮನ್ನಾ ಅವರ ನಾಯಕತ್ವದಲ್ಲಿ ಭಾರತ ತಂಡ ಇಂಡೊನೇಷ್ಯವನ್ನೂ ಆಫ್ಘಾನಿಸ್ತಾನವನ್ನೂ ಸೋಲಿಸಿ, ಅಂತಿಮ ಪಂದ್ಯದಲ್ಲಿ ಮೇವಾಲಾಲ್ ಹೊಡೆದ ಏಕೈಕ ಗೋಲಿನಿಂದ ಇರಾನನ್ನು ಮಣಿಸಿತು. ಚಿನ್ನದ ಪದಕ ಬಂದಿತು; ಹೊಗಳಿಕೆಯೂ ಬಂದಿತು.

ಹದಿನಾರು ತಿಂಗಳು ಕಳೆಯುವುದರೊಳಗೆ ಆ ಹೊಗಳಿಕೆಯೆಲ್ಲ ಕರಗಿಹೋಯಿತು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯ ತಂಡವು ಭಾರತದ ಮೇಲೆ ಹತ್ತು ಗೋಲುಗಳನ್ನು ಸುರಿಯಿತು. ಫಿನ್‌ಲೆಂಡಿನ ಚಳಿಯಲ್ಲಿ ನಮ್ಮವರಲ್ಲಿ ಅನೇಕರು ಬರಿಗಾಲಿನಲ್ಲಿಯೇ ಆಡಿದರು. ನಮ್ಮ ಕಡೆಯಿಂದ ಬಂದ ಒಂದೇ ಗೋಲು, ಪಂದ್ಯ ಮುಗಿಯುವ ಗಳಿಗೆಯಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಹೊಡೆದದ್ದು. ಇಂತಹ ಸೋಲಿನ ಮುಂದೆ ತರಬೇತುದಾರನಿಗೆ ಎರಡು ದಾರಿಗಳಿರುತ್ತವೆ: ಚಳಿಯನ್ನೂ ಅದೃಷ್ಟವನ್ನೂ ದೂರಿ ಕೈತೊಳೆದುಕೊಳ್ಳುವುದು, ಇಲ್ಲವೆ ಸ್ಲೇಟು ಒರೆಸಿ ಮೊದಲಿನಿಂದ ಬರೆಯುವುದು. ಆ ಕೂಟದ ತರುವಾಯ ಭಾರತದಲ್ಲಿ ಬೂಟು ತೊಡುವುದು ಕಡ್ಡಾಯವಾಯಿತು. ರಹೀಂ ಅವರ ದೃಷ್ಟಿ ಬೂಟಿನಾಚೆಗೂ ಹೋಯಿತು. ಅದೇ ಕೂಟದಲ್ಲಿ ಚಿನ್ನ ಗೆದ್ದ ಹಂಗೇರಿಯ ತಂಡವು ತನ್ನ ಸೆಂಟರ್ ಫಾರ್ವರ್ಡನ್ನು ಎದುರಾಳಿಯ ಗೋಲಿನ ಬಳಿ ನಿಲ್ಲಿಸದೆ ಹಿಂದಕ್ಕೆ ಸರಿಸಿಕೊಂಡು ಆಡುತ್ತಿತ್ತು. ಅವನನ್ನು ಕಾಯುವ ರಕ್ಷಕನು ಹಿಂಬಾಲಿಸಿದರೆ ಹಿಂದೆ ಬಯಲಾಗುತ್ತದೆ. ಹಿಂಬಾಲಿಸದಿದ್ದರೆ ಅವನು ಸ್ವಚ್ಛಂದವಾಗಿ ಚೆಂಡನ್ನು ಹಂಚುತ್ತಾನೆ. ಈ ಬಗೆಯ ಆಟವನ್ನು ರಹೀಂ ನಮ್ಮವರಿಗೆ ಹೊಂದುವಂತೆ ಅಳವಡಿಸಿದರು. ನಾಲ್ವರು ಹಿಂದೆ, ಇಬ್ಬರು ನಡುವೆ, ನಾಲ್ವರು ಮುಂದೆ ನಿಲ್ಲುವ ವ್ಯೂಹವನ್ನು ನಮ್ಮ ದೇಶದಲ್ಲಿ ಬೇಗನೆ ಕೈಗೊಂಡವರೂ ಅವರೇ.

ನಾಲ್ಕು ವರ್ಷಗಳ ಶ್ರಮದ ಫಲ 1956ರಲ್ಲಿ ಮೆಲ್ಬೋರ್ನಿನಲ್ಲಿ ಕಾಣಿಸಿತು. ಆ ವರ್ಷದ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಹೈದರಾಬಾದ್ ರಾಜ್ಯವು ಹಂಚಿಹೋಗಿತ್ತು. ಅದರ ಕನ್ನಡ ಜಿಲ್ಲೆಗಳು ಮೈಸೂರಿಗೆ ಸೇರಿದ್ದವು. ಸರಿಯಾಗಿ ಒಂದು ತಿಂಗಳ ಮೇಲೆ, ಡಿಸೆಂಬರ್ 1ರಂದು, ಹೈದರಾಬಾದಿನವರೂ ಬಂಗಾಳದವರೂ ಮುಂಬಯಿಯವರೂ ಕೂಡಿದ್ದ ಭಾರತದ ತಂಡ ಆತಿಥೇಯ ಆಸ್ಟ್ರೇಲಿಯವನ್ನು 4-2 ಗೋಲುಗಳಿಂದ ಸೋಲಿಸಿ ಒಲಿಂಪಿಕ್ಸಿನ ಸೆಮಿಫೈನಲನ್ನು ಮುಟ್ಟಿತು. ನಮ್ಮ ಮೈಸೂರು ರಾಜ್ಯದ ಕೆಂಪಯ್ಯನವರೂ ಆ ಒಲಿಂಪಿಕ್ಸಿಗೆ ಹೋದ ತಂಡದಲ್ಲಿದ್ದರು. ನೆವಿಲ್ ಡಿಸೋಜ ಆ ಪಂದ್ಯದಲ್ಲಿ ಮೂರು ಗೋಲು ಹೊಡೆದರು. ಏಷ್ಯದ ಯಾವ ದೇಶವೂ ಅದುವರೆಗೆ ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ಅಷ್ಟು ದೂರ ಹೋಗಿರಲಿಲ್ಲ. ಸೆಮಿಫೈನಲಿನಲ್ಲಿ ಎದುರಾದದ್ದು ಹಳೆಯ ಯುಗೊಸ್ಲಾವಿಯವೇ. ಮೊದಲರ್ಧ ಗೋಲಿಲ್ಲದೆ ಮುಗಿಯಿತು. ಅನಂತರ ಡಿಸೋಜ ಅವರ ಗೋಲಿನಿಂದ ಭಾರತವೇ ಮುಂದಾಯಿತು! ಆ ಮುನ್ನಡೆ ಕೆಲವೇ ನಿಮಿಷ ಉಳಿಯಿತು. ಕೊನೆಗೆ 4-1ರಿಂದ ಸೋಲಾಯಿತು. ಮೂರನೆಯ ಸ್ಥಾನದ ಪಂದ್ಯದಲ್ಲಿ ಬಲ್ಗೇರಿಯವೂ ಗೆದ್ದಿತು. ಪದಕವಿಲ್ಲದೆ ಮರಳಿದರೂ, ಹತ್ತು ಗೋಲು ಕೊಟ್ಟ ತಂಡವನ್ನೇ ನಾಲ್ಕು ವರ್ಷಗಳಲ್ಲಿ ಬೆವರಿಳಿಸುವಂತೆ ಮಾಡಿದ್ದು ಪದಕಕ್ಕಿಂತ ಕಿರಿದೇನಲ್ಲ.

1960ರ ರೋಮ್ ಒಲಿಂಪಿಕ್ಸಿನಲ್ಲಿ ಭಾರತ ಫ್ರಾನ್ಸಿನೊಡನೆ 1-1ರಿಂದ ಸಮ ಮಾಡಿಕೊಂಡು, ಹಂಗೇರಿಗೆ ಒಂದೇ ಗೋಲಿನ ಅಂತರದಿಂದ ಸೋತಿತು. ಆ ತಂಡದಲ್ಲಿ ರಹೀಂ ಅವರ ಮಗ ಹಕೀಂ ಕೂಡ ಇದ್ದರು. ಆದರೆ ಒಂದು ಪಂದ್ಯದಲ್ಲಿಯೂ ಅವರಿಗೆ ಆಡುವ ಅವಕಾಶ ದೊರೆಯಲಿಲ್ಲ. ತಂದೆಯೇ ಗುರುವಾಗಿದ್ದಾಗ ಮಗನಾದವನು ಬೆಂಚಿನ ಮೇಲೆ ಕುಳಿತು ಕಾಯಬೇಕಾಗಿ ಬಂದುದು ಯೋಚಿಸತಕ್ಕ ಸಂಗತಿ. ಸ್ವಜನ ಪಕ್ಷಪಾತವನ್ನು ಸಹಜವೆಂದೇ ಎಣಿಸುವ ಇಂದಿನ ದಿನಗಳಲ್ಲಿ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ.

ಇನ್ನು ಜಕಾರ್ತ. 1962ರ ಏಷ್ಯನ್ ಕ್ರೀಡಾಕೂಟಕ್ಕೆ ತಂಡವನ್ನು ಕರೆದುಕೊಂಡು ಹೊರಟಾಗ ರಹೀಂ ಅವರ ದೇಹವನ್ನು ಕ್ಯಾನ್ಸರ್ ರೋಗ ಒಳಗಿಂದೊಳಗೆ ತಿನ್ನುತ್ತಿತ್ತು. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯಕ್ಕೆ 2-0ಯಿಂದ ಸೋಲು. ಥೈಲೆಂಡಿನ ಮೇಲೆ ಗೆದ್ದೆವಾದರೂ, ರಕ್ಷಣೆಯ ಕಂಬದಂತಿದ್ದ ಜರ್ನೇಲ್ ಸಿಂಗರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಗೋಲ್‌ಕೀಪರ್ ಪೀಟರ್ ತಂಗರಾಜ್ ಜ್ವರದಿಂದ ಮಲಗಿದರು. ಇದಕ್ಕೆ ಮೇಲಾಗಿ ಇಸ್ರೇಲ್ ಮತ್ತು ತೈವಾನ್ ದೇಶಗಳಿಗೆ ಇಂಡೊನೇಷ್ಯ ಪ್ರವೇಶ ನಿರಾಕರಿಸಿದ್ದನ್ನು ಭಾರತದ ಕ್ರೀಡಾಧಿಕಾರಿ ಜಿ. ಡಿ. ಸೋಂಧಿಯವರು ಪ್ರತಿಭಟಿಸಿದ್ದರಿಂದ ಅಲ್ಲಿನ ಜನ ಕೆರಳಿ, ಭಾರತದ ರಾಯಭಾರ ಕಚೇರಿಯ ಮೇಲೆಯೇ ದಾಳಿ ನಡೆಸಿದರು.

ಸೆಮಿಫೈನಲಿಗೆ ರಹೀಂ ಅವರು ಯಾರೂ ನಿರೀಕ್ಷಿಸದ ಕೆಲಸ ಮಾಡಿದರು. ತಲೆಗೆ ಪಟ್ಟಿ ಕಟ್ಟಿಕೊಂಡ ಜರ್ನೇಲರನ್ನು ರಕ್ಷಣೆಯಿಂದ ತೆಗೆದು ಸೆಂಟರ್ ಫಾರ್ವರ್ಡ್ ಆಗಿ ಮುಂದೆ ನಿಲ್ಲಿಸಿದರು. ಕಾಲೇಜು ದಿನಗಳಲ್ಲಿ ಜರ್ನೇಲ್ ಮುಂದೆ ಆಡಿದ್ದು ಅವರ ನೆನಪಿನಲ್ಲಿತ್ತು. ಶಿಷ್ಯರ ಹಳೆಯ ಲೆಕ್ಕವನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡವರಿಗಲ್ಲದೆ ಇದು ಹೊಳೆಯುವ ಉಪಾಯವಲ್ಲ. ದಕ್ಷಿಣ ವಿಯೆಟ್ನಾಮಿನ ವಿರುದ್ಧ ಜರ್ನೇಲ್ ಗೋಲು ಹೊಡೆದರು. ಭಾರತ 3-2ರಿಂದ ಗೆದ್ದಿತು. ಅಂತಿಮ ಪಂದ್ಯದ ಹಿಂದಿನ ರಾತ್ರಿ ರಹೀಂ ಅವರು ಹುಡುಗರನ್ನು ಕೂಡಿಸಿಕೊಂಡು, ತಮಗೆ ಒಂದು ಕಾಣಿಕೆ ಬೇಕೆಂದೂ ಆ ಕಾಣಿಕೆ ನಾಳಿನ ಚಿನ್ನವೆಂದೂ ಕೇಳಿಕೊಂಡರೆಂದು ಆ ತಂಡದವರು ಮುಂದೆ ಬಹುಕಾಲ ಹೇಳಿಕೊಳ್ಳುತ್ತಿದ್ದರು.

ಸೆಪ್ಟೆಂಬರ್ 4ರಂದು ಸುಮಾರು ಒಂದು ಲಕ್ಷ ಜನ ತುಂಬಿದ್ದ ಕ್ರೀಡಾಂಗಣದಲ್ಲಿ ಪಂದ್ಯ. ನಮ್ಮ ರಾಷ್ಟ್ರಗೀತೆಯೂ ಕೇಳದಂತೆ ಜನ ಕೂಗಿ ಗದ್ದಲವೆಬ್ಬಿಸಿದರು. ಭಾರತಕ್ಕಾಗಿ ಕೈತಟ್ಟಿದವರಲ್ಲಿ ಪಾಕಿಸ್ತಾನದ ಹಾಕಿ ತಂಡದವರಿದ್ದುದು ಆಟದ ಬಯಲಿನಲ್ಲಿ ಮಾತ್ರ ಕಾಣಸಿಗುವ ಸೋಜಿಗ. ಎತ್ತರದ ಚೆಂಡುಗಳನ್ನು ಎಸೆಯುವ ಕೊರಿಯನ್ನರ ಎದುರಿಗೆ ಎತ್ತರದವರೇ ಬೇಕೆಂದು, ಜ್ವರದಿಂದ ಎದ್ದ ತಂಗರಾಜರನ್ನೇ ಗೋಲಿನಲ್ಲಿ ನಿಲ್ಲಿಸಲಾಗಿತ್ತು. ಹದಿನೇಳನೆಯ ನಿಮಿಷದಲ್ಲಿ ಪಿ. ಕೆ. ಬ್ಯಾನರ್ಜಿ, ಮೂರು ನಿಮಿಷದ ಮೇಲೆ ಜರ್ನೇಲ್ ಸಿಂಗ್ ಗೋಲು ಹೊಡೆದರು. ಕೊರಿಯ ಒಂದು ಗೋಲನ್ನು ಮರಳಿಸುವ ವೇಳೆಗೆ ಹೊತ್ತು ಮೀರಿತ್ತು. ಚುನಿ ಗೋಸ್ವಾಮಿಯವರ ನಾಯಕತ್ವದ ತಂಡ ಮಾಸ್ತರರು ಕೇಳಿದ ಕಾಣಿಕೆಯನ್ನು ಒಪ್ಪಿಸಿತು.

ಮರಳಿ ಬಂದ ಕೆಲವು ತಿಂಗಳಿಗೆ ರಹೀಂ ಅವರು ಹಾಸಿಗೆ ಹಿಡಿದರು. ಸುಮಾರು ಆರು ತಿಂಗಳ ನರಳಿಕೆಯ ಬಳಿಕ 1963ರ ಜೂನ್ 11ರಂದು ತಮ್ಮ ಐವತ್ತಮೂರನೆಯ ವಯಸ್ಸಿನಲ್ಲಿ ಕಾಲವಾದರು. ಭಾರತ ಸರ್ಕಾರವು ತರಬೇತುದಾರರಿಗಾಗಿ ದ್ರೋಣಾಚಾರ್ಯ ಪ್ರಶಸ್ತಿಯನ್ನು ಏರ್ಪಡಿಸಿದ್ದು 1985ರಲ್ಲಿ, ಅಂದರೆ ಅವರು ತೀರಿಕೊಂಡ ಇಪ್ಪತ್ತೆರಡು ವರ್ಷಗಳ ಮೇಲೆ. 2024ರಲ್ಲಿ ಅವರನ್ನು ಕುರಿತು ‘ಮೈದಾನ್’ ಎಂಬ ಹಿಂದಿ ಚಲನಚಿತ್ರ ಬಂದಾಗ, ಈ ಹೆಸರನ್ನು ಮೊದಲ ಬಾರಿಗೆ ಕೇಳಿದವರೇ ನಮ್ಮಲ್ಲಿ ಹೆಚ್ಚು. 1960ರ ರೋಮ್ ಕೂಟದ ಬಳಿಕ ಭಾರತದ ಕಾಲ್ಚೆಂಡು ತಂಡ ಒಲಿಂಪಿಕ್ಸಿಗೆ ಹೋಗಿಲ್ಲ. 1962ರ ಬಳಿಕ ಏಷ್ಯನ್ ಕೂಟದ ಚಿನ್ನವೂ ಬಂದಿಲ್ಲ.

ಅವರ ಶಿಷ್ಯರು ಮಾತ್ರ ಸುಮ್ಮನೆ ಕೂರಲಿಲ್ಲ. ಪಿ. ಕೆ. ಬ್ಯಾನರ್ಜಿಯವರು ಆಟ ಬಿಟ್ಟ ಮೇಲೆ ಕಲ್ಕತ್ತೆಯಲ್ಲಿ ಈಸ್ಟ್ ಬೆಂಗಾಲ್, ಮೋಹನ್ ಬಗಾನ್ ತಂಡಗಳಿಗೆ ಕಲಿಸುತ್ತ ಅತಿ ಪ್ರಸಿದ್ಧ ತರಬೇತುದಾರರಾದರು. ರೋಮಿನಲ್ಲಿ ಬೆಂಚಿನ ಮೇಲೆ ಕುಳಿತಿದ್ದ ಮಗ ಹಕೀಂ ವಾಯುಸೇನೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿ, ಅಂತರರಾಷ್ಟ್ರೀಯ ಪಂದ್ಯಗಳ ರೆಫರಿಯಾಗಿ, ತಂದೆಯಂತೆಯೇ ತರಬೇತುದಾರರಾಗಿ ದುಡಿದರು. 2017ರಲ್ಲಿ ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ದೊರೆಯಿತು. ತಂದೆಯ ಕಾಲದಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ನಮ್ಮ ಕಲಬುರಗಿಯಲ್ಲಿಯೇ 2021ರ ಆಗಸ್ಟ್ 22ರಂದು ಹಕೀಂ ಅವರು ನಿಧನರಾದರು.