ಪಿಯಾನೊ ಬಿಟ್ಟು ಪಟ್ಟವೇರಿದ ಜಯಚಾಮರಾಜೇಂದ್ರ ಒಡೆಯರ್



ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರ್ ಮದರಾಸು ರಾಜ್ಯದ ರಾಜ್ಯಪಾಲರೂ ಆಗಿದ್ದರು. ಅರಸರಾಗಿ, ರಾಜ್ಯಪಾಲರಾಗಿ ಅವರನ್ನು ಎಲ್ಲರೂ ಬಲ್ಲರು. ಆದರೆ ಅವರ ಕನಸು ಬೇರೆಯೇ ಇತ್ತು: ಕಛೇರಿ ಕೊಡುವ ಪಿಯಾನೊ ವಾದಕರಾಗುವುದು.

1919ರ ಜುಲೈ 18ರಂದು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಮಗನಾಗಿ ಹುಟ್ಟಿದ ಅವರು ಪಾಶ್ಚಾತ್ಯ ಸಂಗೀತವನ್ನು ಆಳವಾಗಿ ಕಲಿತರು. 1940ರಲ್ಲಿ ಮಾರ್ಚ್‌ನಲ್ಲಿ ತಂದೆ, ಆಗಸ್ಟ್‌ನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡರು. 21ರ ಯುವಕನ ಮೇಲೆ ರಾಜ್ಯದ ಭಾರ ಬಿತ್ತು. ವೇದಿಕೆಯ ಆಸೆ ಅಲ್ಲಿಗೆ ಮುಗಿಯಿತು, ಸಂಗೀತ ಮುಗಿಯಲಿಲ್ಲ. 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಫೆಲೋ ಪದವಿ ನೀಡಿತು.

ಆ ಹೊತ್ತಿಗೆ ಲಂಡನ್ನಿನಲ್ಲಿ ನಿಕೊಲಾಯ್ ಮೆಡ್ಟ್ನರ್ ಎಂಬ ರಷ್ಯನ್ ಸಂಗೀತಕಾರ ನೆಲೆಸಿದ್ದರು. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ಕ್ರಾಂತಿಯ ನಂತರ ತಾಯ್ನಾಡು ಬಿಟ್ಟವರು. ಮುಪ್ಪು, ಹೃದಯದ ಕಾಯಿಲೆ, ಕೈಯಲ್ಲಿ ಹಣವಿಲ್ಲ. ಅವರ ಕೃತಿಗಳನ್ನು ಕೇಳುವವರೂ ಕಡಿಮೆ. ಮಹಾರಾಜರು ಹಣ ಕೊಟ್ಟು, ಮೆಡ್ಟ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ಗ್ರಾಮಫೋನ್ ತಟ್ಟೆಗಳಲ್ಲಿ ಉಳಿಸುವಂತೆ ಮಾಡಿದರು. ಮೂರೂ ಪಿಯಾನೊ ಕನ್ಚೆರ್ಟೊಗಳು ಹಾಗೆ ಉಳಿದವು. ಮೆಡ್ಟ್ನರ್ ತಮ್ಮ ಮೂರನೆಯ ಕನ್ಚೆರ್ಟೊವನ್ನು ಮೈಸೂರಿನ ಮಹಾರಾಜರಿಗೇ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡರು. ಕೆಲವೇ ವರ್ಷ ತಡವಾಗಿದ್ದರೆ ಆ ಕೈಗಳ ನಾದ ನಮಗೆ ಸಿಗುತ್ತಿರಲಿಲ್ಲ. 1950ರಲ್ಲಿ ರಿಚರ್ಡ್ ಸ್ಟ್ರಾಸ್‌ರ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರದರ್ಶನ ಲಂಡನ್ನಿನಲ್ಲಿ ನಡೆದದ್ದೂ ಮಹಾರಾಜರ ನೆರವಿನಿಂದಲೇ.

ಪರದೇಶದ ಸಂಗೀತಕ್ಕೆ ಮನಸೋತವರು ಮನೆಯ ಸಂಗೀತವನ್ನು ಮರೆಯಲಿಲ್ಲ. ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಕರ್ನಾಟಕ ಸಂಗೀತಕ್ಕೆ ತಿರುಗಿ, 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಅಠಾಣ ರಾಗದ ಶ್ರೀ ಮಹಾಗಣಪತಿಂ, ಗಂಭೀರನಾಟದ ಶ್ರೀ ಜಾಲಂಧರ ಇಂದಿಗೂ ಕಛೇರಿಗಳಲ್ಲಿ ಕೇಳಿಬರುತ್ತವೆ. 1974ರ ಸೆಪ್ಟೆಂಬರ್ 23ರಂದು, 55ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ತನಗೆ ದಕ್ಕದ ವೇದಿಕೆಯನ್ನು ಇನ್ನೊಬ್ಬರಿಗೆ ಒದಗಿಸುವುದು ದೊಡ್ಡ ಗುಣ. ತವರಿನಿಂದ ದೂರವಾದ ಸಂಗೀತವಾಗಲಿ, ಗಡಿಯಾಚೆ ಉಳಿದ ನುಡಿಯಾಗಲಿ, ಕೇಳುವ ಕಿವಿ, ಪೊರೆಯುವ ಕೈ ಇದ್ದರೆ ಮಾತ್ರ ಬಾಳುತ್ತದೆ. ಗಡಿನಾಡಿನಲ್ಲಿ ಕನ್ನಡ ಉಳಿಸಿಕೊಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಡುವಾದಾಗ ಮಕ್ಕಳನ್ನು ಕೂಡಿಸಿಕೊಂಡು ಅವರ ಒಂದು ಕೃತಿಯನ್ನೂ ಮೆಡ್ಟ್ನರರ ಮೂರನೆಯ ಕನ್ಚೆರ್ಟೊವನ್ನೂ ಕೇಳಿರಿ.