ರೋಹು, ಮೊಲಾ, ಜೀಬ್ರಾ ಮೀನು: ಇವುಗಳಿಗೆ ಹೆಸರಿಟ್ಟ ಡಾಕ್ಟರು ಮೈಸೂರಿಗೂ ಬಂದಿದ್ದರು

ವೈಜ್ಞಾನಿಕ ಹೆಸರುಗಳೆಲ್ಲ ಲ್ಯಾಟಿನ್ ಅಥವಾ ಗ್ರೀಕ್ ಪದಗಳು ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಹಾಗಾದರೆ ರೋಹು ಮೀನಿನ ಹೆಸರು ನೋಡಿ: ಲೇಬಿಯೋ ರೋಹಿತಾ. ರೋಹಿತ ಎಂದರೆ ಸಂಸ್ಕೃತದಲ್ಲಿ ಕೆಂಪು. ಕಾಟ್ಲಾ, ಮೃಗಾಲ, ಇಲಿಶಾ, ಚಿತಲಾ, ಪಾಬ್ದಾ, ಟೆಂಗರಾ ಕೂಡ ವೈಜ್ಞಾನಿಕ ಹೆಸರುಗಳಲ್ಲಿ ಸೇರಿಕೊಂಡಿವೆ. ಗಂಗೆಯ ಬಯಲಿನ ಮೀನುಗಾರರು ಕರೆಯುತ್ತಿದ್ದ ಹೆಸರುಗಳನ್ನೇ ಒಬ್ಬ ಡಾಕ್ಟರು ವಿಜ್ಞಾನದ ಪುಸ್ತಕಕ್ಕೆ ಏರಿಸಿದರು. ಅವರನ್ನು ಕರ್ನಾಟಕದ ಇತಿಹಾಸ ಓದಿದವರು ಬುಕಾನನ್ ಎಂದು ಬಲ್ಲರು. ಮೀನಿನ ವಿಜ್ಞಾನಿಗಳಿಗೆ ಅವರು ಹ್ಯಾಮಿಲ್ಟನ್. ಇಬ್ಬರೂ ಒಬ್ಬರೇ.

ಫ್ರಾನ್ಸಿಸ್ ಬುಕಾನನ್ ಹುಟ್ಟಿದ್ದು 1762ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ, ಕೆಲವು ವರ್ಷ ಹಡಗುಗಳಲ್ಲಿ ಡಾಕ್ಟರಾಗಿ ದುಡಿದು, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೇವೆಗೆ ಸೇರಿದರು. ಮರುವರ್ಷ ಕಂಪನಿಯ ರಾಯಭಾರಿಗಳ ಜೊತೆ ಬರ್ಮಾಕ್ಕೆ ಹೋಗಿಬಂದರು. ಆಮೇಲೆ ಈಗಿನ ಬಾಂಗ್ಲಾದೇಶದ ಲಕ್ಷ್ಮೀಪುರದ ಹತ್ತಿರ ಒಂದೆರಡು ವರ್ಷ ಇದ್ದರು. ಸುತ್ತ ಎಲ್ಲಿ ನೋಡಿದರೂ ನೀರು, ನೀರಿದ್ದ ಕಡೆಯೆಲ್ಲ ಮೀನು. ಅವರಿಗೆ ಮೀನಿನ ಹುಚ್ಚು ಹಿಡಿದದ್ದು ಅಲ್ಲೇ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದರು. ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನೇನಿದೆ ಎಂದು ನೋಡಿ ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಬುಕಾನನ್‌ರನ್ನು ಕಳಿಸಿದರು. 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿ ಮುಗಿಸುವಾಗ 1801ರ ಜುಲೈ. ಆ ಪ್ರವಾಸದ ಮೂರು ಸಂಪುಟಗಳು 1807ರಲ್ಲಿ ಅಚ್ಚಾದವು. ಅಂದಿನ ಬೆಳೆ, ಕೆರೆ, ಮಗ್ಗ, ಸಂತೆಗಳ ಬಗ್ಗೆ ಬರೆಯುವವರು ಇಂದಿಗೂ ಅದನ್ನೇ ತೆರೆಯುತ್ತಾರೆ. ಕಂಪನಿಗೆ ಬೇಕಿದ್ದದ್ದು ಆದಾಯದ ಲೆಕ್ಕ ಎಂಬುದನ್ನು ನಾವು ಮರೆಯುವಂತಿಲ್ಲ. ಆದರೂ ಆ ಲೆಕ್ಕದ ನಡುವೆ ಅವರು ಗಿಡ, ಪ್ರಾಣಿಗಳನ್ನು ಗಮನಿಸುವುದು ಬಿಡಲಿಲ್ಲ.

ಮೀನಿನ ಕೆಲಸ ಗಟ್ಟಿಯಾದದ್ದು 1807ರಿಂದ 1814ರವರೆಗೆ. ದಿನಾಜ್‌ಪುರ, ರಂಗ್‌ಪುರ, ಪೂರ್ಣಿಯಾ, ಭಾಗಲ್‌ಪುರದಿಂದ ಗೋರಖ್‌ಪುರದವರೆಗೆ ಜಿಲ್ಲೆಯಿಂದ ಜಿಲ್ಲೆಗೆ ಸಮೀಕ್ಷೆ ಮಾಡುತ್ತ ಹೋದರು. ಹೋದ ಕಡೆ ಸಿಕ್ಕ ಮೀನಿನ ಆಕಾರ, ಬಣ್ಣ, ರೆಕ್ಕೆಯ ಕಡ್ಡಿಗಳ ಎಣಿಕೆ, ಜನ ಕರೆಯುವ ಹೆಸರು ಎಲ್ಲವನ್ನೂ ಬರೆದುಕೊಂಡರು. ಬಂಗಾಳಿ ಕಲಾವಿದರು ಚಿತ್ರ ಬರೆದುಕೊಟ್ಟರು. ಮಾರಾಟಕ್ಕೆ ಬರುವ ದೊಡ್ಡ ಮೀನುಗಳಷ್ಟೇ ಅಲ್ಲ, ಬೆರಳುದ್ದದ, ಯಾರೂ ತೂಗಿ ಮಾರದ ಮೀನುಗಳಿಗೂ ಅಷ್ಟೇ ಗಮನ ಕೊಟ್ಟರು. ನಮ್ಮ ಪ್ರಕಾರ ಅವರ ನಿಜವಾದ ದೊಡ್ಡತನ ಇರುವುದು ಇದರಲ್ಲಿ. ಬುಕಾನನ್ ಇವನ್ನೆಲ್ಲ ಕಂಡುಹಿಡಿದರು ಎಂದು ಯಾರಾದರೂ ಕಳಿಸಿದರೆ ಅದು ಅರ್ಧ ಸತ್ಯ. ಕಂಡುಕೊಂಡಿದ್ದವರು ಮೀನುಗಾರರು, ಇವರು ದಾಖಲೆ ಮಾಡಿದರು.

1815ರಲ್ಲಿ ಊರಿಗೆ ಹೊರಟಾಗ ಪೆಟ್ಟು ಬಿತ್ತು. ಚಿತ್ರಗಳನ್ನು ಒಯ್ಯಲು ಗವರ್ನರ್ ಜನರಲ್ ಮೊಯ್ರಾ ಬಿಡಲಿಲ್ಲ. ಅವು ಕಂಪನಿಯ ಸ್ವತ್ತಾಗಿ ಕಲ್ಕತ್ತದಲ್ಲೇ ಉಳಿದವು. ಫೋಟೋ ಇಲ್ಲದ ಕಾಲದಲ್ಲಿ ಮೀನಿನ ಚಿತ್ರವೇ ಅದರ ಗುರುತಿನ ಚೀಟಿ. ಅವರು ಹೆಸರಿಟ್ಟ ಮೀನುಗಳ ಮೂಲ ಮಾದರಿಗಳೂ ಉಳಿದಿಲ್ಲ. ಹಾಗಾಗಿ ಯಾವ ಹೆಸರು ಯಾವ ಮೀನಿನದು ಎಂದು ಮುಂದಿನ ವಿಜ್ಞಾನಿಗಳು ಬಹಳ ಕಾಲ ತಲೆ ಕೆಡಿಸಿಕೊಳ್ಳಬೇಕಾಯಿತು. ಟಿಪ್ಪಣಿಗಳು ಮತ್ತು ಕೈಯಲ್ಲಿ ಉಳಿದಿದ್ದ ಚಿತ್ರಗಳ ಬಲದಿಂದ 1822ರಲ್ಲಿ ಗಂಗಾ ನದಿ ಮತ್ತು ಅದರ ಕವಲುಗಳ ಮೀನುಗಳ ಪುಸ್ತಕ ಎಡಿನ್‌ಬರೋದಲ್ಲಿ ಹೊರಬಂತು. ಸುಮಾರು 270 ಬಗೆಯ ಮೀನುಗಳು, 39 ಚಿತ್ರಫಲಕಗಳು. ಅಷ್ಟು ಹೊತ್ತಿಗೆ ತಾಯಿಯ ಕಡೆಯ ಆಸ್ತಿಯ ಜೊತೆ ಹ್ಯಾಮಿಲ್ಟನ್ ಎಂಬ ಮನೆತನದ ಹೆಸರೂ ಅವರಿಗೆ ಬಂದಿತ್ತು. 1829ರಲ್ಲಿ ತೀರಿಕೊಂಡರು.

ಪುಸ್ತಕದಲ್ಲಿದ್ದ ಎರಡು ಪುಟ್ಟ ಮೀನುಗಳ ಕಥೆ ಮಾತ್ರ ಮುಗಿಯಲಿಲ್ಲ.

ಮೊದಲನೆಯದು ಕೋಸಿ ನದಿಯಲ್ಲಿ ಸಿಕ್ಕ, ಮೈತುಂಬ ನೀಲಿ ಪಟ್ಟೆಯ ಡಾನಿಯೋ ರೇರಿಯೋ, ಅಂದರೆ ಜೀಬ್ರಾ ಮೀನು. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ ಇದನ್ನು ಪ್ರಯೋಗಕ್ಕೆ ಒಗ್ಗಿಸಿ 1981ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ಇದರ ಭ್ರೂಣ ತಾಯಿಯ ದೇಹದ ಹೊರಗೆ ಬೆಳೆಯುತ್ತದೆ, ಗಾಜಿನಂತೆ ಪಾರದರ್ಶಕ. ಹೃದಯ ಮಿಡಿಯುವುದನ್ನು ಮೈಕ್ರೋಸ್ಕೋಪಿನಲ್ಲಿ ನೇರವಾಗಿ ನೋಡಬಹುದು. ಹೃದಯದ ತುಂಡೊಂದನ್ನು ಕತ್ತರಿಸಿದರೂ ಮತ್ತೆ ಬೆಳೆಸಿಕೊಳ್ಳುತ್ತದೆ. ಮನುಷ್ಯರ ಜೀನ್‌ಗಳಲ್ಲಿ ಸುಮಾರು 70 ಶೇಕಡಾಕ್ಕೆ ಇದರಲ್ಲಿ ಜೋಡಿ ಇದೆ ಎಂದು 2013ರಲ್ಲಿ ಗೊತ್ತಾಯಿತು. ಇಂದು ಪ್ರಪಂಚದ ಸಾವಿರಾರು ಪ್ರಯೋಗಾಲಯಗಳಲ್ಲಿ ಈಜುತ್ತಿರುವುದು ಈ ಮೀನೇ.

ಎರಡನೆಯದು ಮೊಲಾ. (ನಮ್ಮ ಕಿವಿಯುದ್ದದ ಮೊಲಕ್ಕೂ ಇದಕ್ಕೂ ನಂಟಿಲ್ಲ.) ಇಂಥದ್ದನ್ನು ಕಂಡರೆ ದೊಡ್ಡ ಮೀನಿನ ಮರಿ ಎನ್ನುವವರೇ ಹೆಚ್ಚು. ಅಲ್ಲ, ಇದು ಬೆಳೆದರೂ ಇಷ್ಟೇ. ಇದೇ ಕುಲದ ಮೀನುಗಳು ದಕ್ಷಿಣ ಭಾರತದ ನೀರಿನಲ್ಲೂ ಇವೆ. ರೋಹು, ಕಾಟ್ಲಾ ಸಾಕಣೆ ಹಬ್ಬಿದಂತೆ ಇಂಥವು ಕಳೆ ಮೀನು ಎನಿಸಿಕೊಂಡವು. ಮರಿ ಬಿಡುವ ಮುಂಚೆ ಹೊಂಡಕ್ಕೆ ಹಿಪ್ಪೆ ಹಿಂಡಿ ಹಾಕಿ, ಬಾಂಗ್ಲಾದೇಶದಲ್ಲಿ ರೋಟೆನೋನ್ ಎಂಬ ವಿಷ ಹಾಕಿ ಕೊಲ್ಲುವುದು ರೂಢಿಯಾಯಿತು. ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ ಇದ್ದ ಮೀನುಗಳಲ್ಲಿ ಒಂದು ಬೆಳೆ, ಇನ್ನೊಂದು ಕಳೆ.

ಆ ಕಳೆಯ 100 ಗ್ರಾಂನಲ್ಲಿ 2,500 ಮೈಕ್ರೋಗ್ರಾಂಗಿಂತ ಹೆಚ್ಚು ವಿಟಮಿನ್ ಎ ಇದೆ. ದೊಡ್ಡವರೊಬ್ಬರಿಗೆ ದಿನಕ್ಕೆ ಬೇಕಾದದ್ದು ಸಾವಿರ ಮೈಕ್ರೋಗ್ರಾಂ ಒಳಗೆ. ಸಾಕಣೆಯ ಕಾರ್ಪ್ ಮೀನಿನ ಮಾಂಸದಲ್ಲಿ ಅದು ತೀರಾ ಕಡಿಮೆ. ಇದರ ಮೇಲೆ ಬಾಂಗ್ಲಾದೇಶದಲ್ಲಿ ವರ್ಷಗಟ್ಟಲೆ ದುಡಿದ ಶಕುಂತಲಾ ಥಿಲ್‌ಸ್ಟೆಡ್ ಅವರಿಗೆ 2021ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಕಾರ್ಪ್ ಜೊತೆ ಮೊಲಾ ಸಾಕಿದರೆ ಕಾರ್ಪ್ ಇಳುವರಿ ಇಳಿಯುವುದಿಲ್ಲ ಎಂದೂ ಅಲ್ಲಿನ ಪ್ರಯೋಗಗಳು ತೋರಿಸಿದವು.

ಇದನ್ನು ಹಂಚುವ ಮುಂಚೆ ಎರಡು ವಿಷಯ ಸೇರಿಸಿಕೊಳ್ಳಿ. ಮೊಲಾದ ವಿಟಮಿನ್ ಎ ಬಹುಪಾಲು ಇರುವುದು ಕಣ್ಣಿನಲ್ಲಿ, ಹೊಟ್ಟೆಯ ಭಾಗದಲ್ಲಿ. ತಲೆ ಕತ್ತರಿಸಿ, ಹೊಟ್ಟೆ ಬಗೆದು ಎಸೆದರೆ ಅದೂ ಹೋಯಿತು. ಇನ್ನೊಂದು, ಎಲ್ಲ ಸಣ್ಣ ಮೀನಿನಲ್ಲೂ ಇಷ್ಟು ವಿಟಮಿನ್ ಎ ಇರುವುದಿಲ್ಲ. ಹ್ಯಾಮಿಲ್ಟನ್ ಅವರೇ ಹೆಸರಿಟ್ಟ ಪುಂಟಿಯಸ್ ಸೊಫೋರ್ ಎಂಬ ಪುಟ್ಟ ಮೀನಿನಲ್ಲಿ ಮೊಲಾಗಿಂತ ಬಹಳ ಕಡಿಮೆ. ಮುಳ್ಳು ಸಮೇತ ತಿನ್ನುವುದರಿಂದ ಸಿಗುವ ಕ್ಯಾಲ್ಸಿಯಂ ಮಾತ್ರ ಎರಡರಲ್ಲೂ ಚೆನ್ನಾಗಿದೆ.